ಕೂಡಿ ಮಾಡುವ ಕೆಲಸದ ಹದ

(ಸಂಘದ ವಾರ್ಷಿಕೋತ್ಸವದಲ್ಲಿ ಹೊಸೂರಿನಲ್ಲಿ ಮಾಡಿದ ಭಾಷಣದ ಪಾಠ)



ಗಡಿನಾಡಿನ ಕನ್ನಡಿಗರು ವರ್ಷಕ್ಕೊಮ್ಮೆ ಒಂದೆಡೆ ನೆರೆದು ನಾಡುನುಡಿಗಳ ಹಬ್ಬವನ್ನಾಚರಿಸುವ ಶುಭಸಂದರ್ಭವಿದು. ಇಂತಹ ವೇದಿಕೆಯಲ್ಲಿ ಕಾವ್ಯವನ್ನೋ ಶಾಸನವನ್ನೋ ಭಾಷೆಯ ಹಕ್ಕುಬಾಧ್ಯತೆಗಳನ್ನೋ ಕುರಿತು ವಿದ್ವಾಂಸರು ಮಾತನಾಡುವುದು ವಾಡಿಕೆ. ನಾನಾದರೋ ವಿದ್ವಾಂಸರ ಪಂಕ್ತಿಗೆ ಸೇರಿದವನಲ್ಲ. ಬೆಳಗಾಗುತ್ತಲೇ ಹೊಸೂರಿನಲ್ಲಿ ಬಸ್ಸು ಹತ್ತಿ, ಅತ್ತಿಬೆಲೆಯ ಗಡಿಯನ್ನು ದಾಟಿ, ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿದು, ಕತ್ತಲಾದ ಮೇಲೆ ಮನೆ ಸೇರುವ ಅನೇಕರಲ್ಲಿ ನಾನೂ ಒಬ್ಬ. ತಂಡವನ್ನು ಕಟ್ಟಿ, ಹಿಡಿದ ಕೆಲಸವನ್ನು ಗಡುವಿನೊಳಗೆ ಮುಟ್ಟಿಸುವುದೇ ನನ್ನ ವೃತ್ತಿ. ಆ ವೃತ್ತಿಯಲ್ಲಿ ಕಲಿತ ಕೆಲವು ಪಾಠಗಳು ನಮ್ಮ ಸಂಘದ ಕೆಲಸಗಳಿಗೂ ಉಪಯೋಗಕ್ಕೆ ಬಂದಾವೆಂಬ ನಂಬಿಕೆಯಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ವಿಷಯಕ್ಕೆ ಬರುವ ಮೊದಲು ನನ್ನದೇ ಒಂದು ತಪ್ಪನ್ನು ತಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಹಳ್ಳಿಯ ಕನ್ನಡ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕವೊಂದನ್ನು ಬಿಟ್ಟರೆ ಓದಲು ಬೇರೆ ಕನ್ನಡ ಪುಸ್ತಕ ಸಿಕ್ಕುತ್ತಿರಲಿಲ್ಲ. ಅಂಗಡಿಯ ಹಲಗೆ, ಬಸ್ಸಿನ ಹಲಗೆ, ಕಚೇರಿಯ ಅರ್ಜಿ ಎಲ್ಲವೂ ಬೇರೆ ಲಿಪಿಯವು. ಆದುದರಿಂದ ಶಾಲೆಯ ಬಳಿ ಒಂದು ವಾಚನಾಲಯ ಬೇಕೆಂದು ಊರವರು ನಿಶ್ಚಯಿಸಿ ಹನ್ನೊಂದು ಜನರ ಸಮಿತಿಯನ್ನು ರಚಿಸಿದರು. ದೊಡ್ಡ ಕಚೇರಿಯಲ್ಲಿ ಕೆಲಸ ಮಾಡಿಸುವವನೆಂಬ ಕಾರಣದಿಂದ ನನ್ನನ್ನೇ ಕಾರ್ಯದರ್ಶಿಯನ್ನಾಗಿ ಮಾಡಿದರು. ನಾನು ಎರಡು ಕೊಠಡಿ, ಒಂದು ಸಭಾಂಗಣವುಳ್ಳ ಕಟ್ಟಡದ ನಕ್ಷೆಯನ್ನು ಬರೆಸಿದೆ. ಕೊಳ್ಳಬೇಕಾದ ಪುಸ್ತಕಗಳ ಪಟ್ಟಿಯನ್ನು ಸಿದ್ಧಪಡಿಸಿದೆ. ಐದು ವರ್ಷಗಳ ಕಾರ್ಯಕ್ರಮವನ್ನು ತಿಂಗಳುವಾರು ಗೆರೆಯೆಳೆದು, ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಎಲ್ಲರೂ ಮೆಚ್ಚಿದರು.

ನಿವೇಶನದ ಪತ್ರವ್ಯವಹಾರಕ್ಕೆ ಎರಡು ವರ್ಷ ಹಿಡಿಯಿತು. ಆಮೇಲೆ ವಂತಿಗೆ ಬರುವುದು ನಿಂತಿತು. ತಳಪಾಯದ ಮಟ್ಟಕ್ಕೆ ಬಂದ ಗೋಡೆ ಅಲ್ಲಿಗೇ ನಿಂತಿತು. ದಾನಿಗಳಿತ್ತ ಪುಸ್ತಕಗಳು ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಕಟ್ಟಡಕ್ಕಾಗಿ ಕಾಯುತ್ತಿದ್ದುವು. ಶಂಕುಸ್ಥಾಪನೆಯ ದಿನ ಐದನೆಯ ತರಗತಿಯ ಹುಡುಗಿಯೊಬ್ಬಳು, “ಅಣ್ಣಾ, ಪುಸ್ತಕದ ಮನೆ ಯಾವಾಗ ತೆಗೀತೀರಿ?” ಎಂದು ಕೇಳಿದ್ದಳು. “ಬೇಗ ಆಗ್ತದಮ್ಮ” ಎಂದಿದ್ದೆ. ಆರು ವರ್ಷಗಳ ತರುವಾಯ ಪೆಟ್ಟಿಗೆಯನ್ನು ತೆರೆದಾಗ ಅಡಿಯ ಎರಡು ಸಾಲು ಪುಸ್ತಕಗಳು ಗೆದ್ದಲು ಹಿಡಿದು ಮಣ್ಣಾಗಿದ್ದುವು. ಅಷ್ಟರಲ್ಲಿ ಆ ಹುಡುಗಿ ಹತ್ತನೆಯ ತರಗತಿಯನ್ನು ಮುಗಿಸಿ, ನಮ್ಮ ವಾಚನಾಲಯದ ಒಂದು ಪುಸ್ತಕವನ್ನೂ ಮುಟ್ಟದೆಯೇ, ಇಂಗ್ಲಿಷ್ ಮಾಧ್ಯಮದ ಹನ್ನೊಂದನೆಯ ತರಗತಿಗೆ ಸೇರಿಬಿಟ್ಟಿದ್ದಳು.

ಹಣ ಸಾಲದೆ ಹೋಯಿತೆಂದು ನಾವು ಸಮಾಧಾನ ಹೇಳಿಕೊಂಡೆವು. ಅದು ಅರ್ಧ ನಿಜ. ಕಟ್ಟಡ ಪೂರ್ತಿಯಾಗುವವರೆಗೆ ಒಂದು ಪುಸ್ತಕವೂ ಒಂದು ಮಗುವಿನ ಕೈಗೆ ಹೋಗದಂತೆ ಕೆಲಸವನ್ನು ಜೋಡಿಸಿದವನು ನಾನು. ಉಳಿದರ್ಧ ನಿಜ ಅದು.

ಇದು ನಮ್ಮ ಹಳ್ಳಿಯೊಂದರ ದೋಷವೆಂದು ತಿಳಿಯಬೇಡಿ. ಸಾಫ್ಟ್‌ವೇರ್ ಉದ್ಯಮದಲ್ಲಿಯೂ ಬಹುಕಾಲ ಇದೇ ಪದ್ಧತಿ ನಡೆದಿತ್ತು. ಮೊದಲು ಬೇಕುಗಳ ಪಟ್ಟಿ, ಅನಂತರ ನಕ್ಷೆ, ಅನಂತರ ರಚನೆ, ಕಟ್ಟಕಡೆಗೆ ಪರೀಕ್ಷೆ. ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಧುಮುಕುವಂತೆ ಕೆಲಸ ಕೆಳಗಿಳಿಯುತ್ತಿದ್ದುದರಿಂದ ಇದಕ್ಕೆ ಜಲಪಾತ ಪದ್ಧತಿಯೆಂದು ಹೆಸರಾಯಿತು. ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ತಜ್ಞರು 1970ರಲ್ಲಿ ಬರೆದ ಪ್ರಬಂಧದಲ್ಲಿ ಈ ಮೆಟ್ಟಿಲುಗಳ ಚಿತ್ರವಿದೆ. ಪರೀಕ್ಷೆಯನ್ನು ಕೊನೆಗಿಡುವ ಈ ಕ್ರಮ ಅಪಾಯಕರವೆಂದು ಅವರೇ ಅಲ್ಲಿ ಎಚ್ಚರಿಸಿದ್ದರು. ಚಿತ್ರವನ್ನು ಅನುಸರಿಸಿದವರು ಹಲವರು. ಎಚ್ಚರಿಕೆಯನ್ನು ಗಮನಿಸಿದವರು ಕೆಲವರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂತಹದೇ ಒಂದು ಯೋಜನೆಯಲ್ಲಿದ್ದೆ. ಒಂದೂವರೆ ವರ್ಷ ಹಗಲಿರುಳು ದುಡಿದು ಮುಗಿಸಿದ ಕೆಲಸವನ್ನು ನೋಡಿ, ಅದನ್ನು ಬಳಸಬೇಕಾದವರು, “ನೀವು ಬರೆದುಕೊಂಡದ್ದು ಇದೇ ಇರಬಹುದು, ನಮಗೆ ಬೇಕಾದದ್ದು ಇದಲ್ಲ” ಎಂದುಬಿಟ್ಟರು.

ಇದಕ್ಕೆ ಪರಿಹಾರವನ್ನು ಹುಡುಕಿದವರ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1986ರಲ್ಲಿ ಹಿರೋಟಾಕಾ ಟಾಕೆಯುಚಿ ಮತ್ತು ಇಕುಜಿರೊ ನೊನಾಕಾ ಎಂಬ ಜಪಾನಿನ ವಿದ್ವಾಂಸರಿಬ್ಬರು ಹೋಂಡಾ, ಕ್ಯಾನನ್ ಮೊದಲಾದ ಸಂಸ್ಥೆಗಳು ಹೊಸ ವಸ್ತುಗಳನ್ನು ಬೇಗ ತಯಾರಿಸಿದ ಬಗೆಯನ್ನು ಪರಿಶೀಲಿಸಿ ಒಂದು ಲೇಖನವನ್ನು ಬರೆದರು. ಒಬ್ಬನು ಓಡಿ ಇನ್ನೊಬ್ಬನ ಕೈಗೆ ಕೋಲನ್ನು ಕೊಟ್ಟು ನಿಂತುಬಿಡುವ ಓಟದಂತೆ ಅಲ್ಲಿ ಕೆಲಸ ನಡೆಯುತ್ತಿರಲಿಲ್ಲ. ರಗ್ಬಿ ಆಟದಲ್ಲಿ ಇಡೀ ತಂಡವು ಚೆಂಡನ್ನು ಪರಸ್ಪರ ಹಾಯಿಸುತ್ತ ಒಟ್ಟಾಗಿ ಮುನ್ನುಗ್ಗುವಂತೆ ನಡೆಯುತ್ತಿತ್ತು ಎಂಬುದು ಅವರ ಅಭಿಪ್ರಾಯ. ಅಮೆರಿಕದ ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ ಎಂಬವರು ಅದೇ ಆಟದ ‘ಸ್ಕ್ರಮ್’ ಎಂಬ ಪದವನ್ನೇ ಹೆಸರಾಗಿಟ್ಟು 1995ರಲ್ಲಿ ಒಂದು ಕಾರ್ಯಪದ್ಧತಿಯನ್ನು ವಿದ್ವತ್ಸಭೆಯ ಮುಂದಿಟ್ಟರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬ ಹಿಮಗಿರಿಯ ತಾಣದಲ್ಲಿ ಹದಿನೇಳು ಮಂದಿ ತಜ್ಞರು ಕಲೆತು ಒಂದು ಪುಟ್ಟ ಘೋಷಣೆಯನ್ನು ಹೊರಡಿಸಿದರು. ಅಂದಿನಿಂದ ಇಂತಹ ಪದ್ಧತಿಗಳಿಗೆ ‘ಅಜೈಲ್’, ಎಂದರೆ ಚುರುಕಾದ, ಬೇಕಾದಂತೆ ಮೈ ಬಾಗಿಸಬಲ್ಲ ಪದ್ಧತಿಗಳೆಂಬ ಹೆಸರು ನಿಂತಿತು. ಕಟ್ಟಳೆಗಳಿಗಿಂತ ಕೆಲಸ ಮಾಡುವ ಮನುಷ್ಯರು ಮುಖ್ಯ. ರಾಶಿಗಟ್ಟಲೆ ಬರವಣಿಗೆಗಿಂತ ನಡೆಯುವ ವಸ್ತು ಮುಖ್ಯ. ಕರಾರಿನ ಚರ್ಚೆಗಿಂತ ಬಳಸುವವರ ಸಹಕಾರ ಮುಖ್ಯ. ಹಾಕಿದ ಯೋಜನೆಗಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮುಖ್ಯ. ಆ ಘೋಷಣೆಯ ಸಾರ ಇಷ್ಟೇ.

ಇದನ್ನು ಓದಿದಾಗ ನನಗೆ ನೆನಪಾದುದು ನಮ್ಮ ಮುಯ್ಯಾಳಿನ ಪದ್ಧತಿ. ಇಂದು ನಿಮ್ಮ ಹೊಲ, ನಾಳೆ ನಮ್ಮ ಹೊಲ ಎಂದು ಹತ್ತು ಮನೆಯವರು ಕೂಡಿ ರಾಗಿಯ ಕೊಯ್ಲಿಗೆ ಇಳಿಯುತ್ತಿದ್ದುದನ್ನು ಇಲ್ಲಿಯ ಹಿರಿಯರು ಬಲ್ಲರು. ಅಲ್ಲಿ ಬರೆದಿಟ್ಟ ನಿಯಮಾವಳಿಯಿರಲಿಲ್ಲ. ಎಷ್ಟು ಸಾಲು ಕೊಯ್ದಾಯಿತು, ಎಷ್ಟು ಉಳಿಯಿತು ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಹಿಂದೆ ಬಿದ್ದವರ ಸಾಲಿಗೆ ಪಕ್ಕದವರು ಕೈಹಾಕುತ್ತಿದ್ದರು. ಮೋಡ ಕವಿದರೆ ಅಂದಿನ ಯೋಜನೆಯನ್ನು ಬಿಟ್ಟು, ಕೊಯ್ದ ಪೈರನ್ನು ಮೆದೆಯೊಟ್ಟಲು ಎಲ್ಲರೂ ತಿರುಗುತ್ತಿದ್ದರು. ನಮ್ಮ ಅಜ್ಜಂದಿರಿಗೆ ಸಹಜವಾಗಿದ್ದ ಈ ಹದ, ಸಮಿತಿ, ಠರಾವು, ನಡವಳಿಕೆ ಪುಸ್ತಕಗಳ ನಡುವೆ ನಮ್ಮ ಕೈಯಿಂದ ಜಾರಿತು. ಗೆದ್ದಲು ತಿಂದ ಪುಸ್ತಕಗಳನ್ನು ಹೊರಹಾಕಿದ ಮರುವಾರವೇ ನಾವು ವಾಚನಾಲಯದ ಕೆಲಸವನ್ನು ಮತ್ತೊಮ್ಮೆ, ಈ ಬಾರಿ ಬೇರೆ ರೀತಿಯಲ್ಲಿ ಆರಂಭಿಸಿದೆವು. ಆಗ ನಾವು ಪಾಲಿಸಿದ ಆರು ಸೂತ್ರಗಳನ್ನು ಒಂದೊಂದಾಗಿ ನಿವೇದಿಸುತ್ತೇನೆ.

ಮೊದಲನೆಯದು, ತಂಡ ಚಿಕ್ಕದಾಗಿರಬೇಕು. ಐಬಿಎಮ್ ಸಂಸ್ಥೆಯ ದೊಡ್ಡದೊಂದು ಸಾಫ್ಟ್‌ವೇರ್ ಯೋಜನೆಯ ಹೊಣೆ ಹೊತ್ತಿದ್ದ ಫ್ರೆಡರಿಕ್ ಬ್ರೂಕ್ಸ್ ಅವರು 1975ರಲ್ಲಿ ತಮ್ಮ ಅನುಭವವನ್ನು ಗ್ರಂಥವಾಗಿ ಬರೆದರು. ತಡವಾಗಿರುವ ಯೋಜನೆಗೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂಬುದು ಅವರು ಕಂಡ ಸತ್ಯ. ಹೊಸಬರಿಗೆ ಕಲಿಸುವ ಹೊರೆ ಹಳಬರ ಮೇಲೆ ಬೀಳುವುದು ಒಂದು ಕಾರಣ. ಮಾತುಕತೆಯ ದಾರಿಗಳು ಹೆಚ್ಚುವುದು ಇನ್ನೊಂದು. ಲೆಕ್ಕ ಹಾಕಿ ನೋಡಿ: ಐವರಿರುವಲ್ಲಿ ಇಬ್ಬಿಬ್ಬರ ಜೋಡಿಗಳು 10, ನಮ್ಮ ಹಳೆಯ ಸಮಿತಿಯಂತೆ ಹನ್ನೊಂದು ಮಂದಿಯಿದ್ದರೆ 55! ಅಷ್ಟು ಜೋಡಿಗಳ ನಡುವೆ ಒಂದು ಮಾತು ಸೋರಿಹೋಗುವುದರಲ್ಲಿ ಆಶ್ಚರ್ಯವೇನಿದೆ? ಎರಡನೆಯ ಬಾರಿ ನಾವು ಐವರೇ ಕೂಡಿದೆವು. ಒಬ್ಬರು ಅಧ್ಯಾಪಕಿ, ಒಬ್ಬರು ನಿವೃತ್ತ ಅಂಚೆ ನೌಕರರು, ಕಾಲೇಜಿನ ಒಬ್ಬ ಹುಡುಗ, ಒಬ್ಬ ಹುಡುಗಿ, ಮತ್ತು ನಾನು. ಉಳಿದ ಹಿರಿಯರ ಸಲಹೆಯನ್ನು ಆಗಾಗ ಪಡೆದೆವು.

ಎರಡನೆಯದು, ದೊಡ್ಡ ಕೆಲಸವನ್ನು ಬಳಕೆಗೆ ಬರುವ ತುಂಡುಗಳಾಗಿ ಸೀಳಬೇಕು. ಸ್ಕ್ರಮ್ ಪದ್ಧತಿಯಲ್ಲಿ ಒಂದು ಸುತ್ತಿನ ಅವಧಿ ಒಂದು ತಿಂಗಳನ್ನು ಮೀರುವಂತಿಲ್ಲ. ಎರಡು ವಾರದ ಸುತ್ತು ಸಾಮಾನ್ಯ. ಪ್ರತಿ ಸುತ್ತಿನ ಕೊನೆಗೂ ಯಾರಾದರೂ ಬಳಸಬಹುದಾದ ಏನಾದರೊಂದು ಸಿದ್ಧವಾಗಿರಬೇಕು. ತಳಪಾಯ ಹಾಕಿದುದನ್ನು ಮಗು ಓದಲಾರದು; ಹತ್ತು ಪುಸ್ತಕಗಳನ್ನು ಓದಬಲ್ಲುದು. ಎಂತಲೇ ನಮ್ಮ ಮೊದಲ ಎರಡು ವಾರಗಳ ಗುರಿ ಅಧ್ಯಾಪಕಿಯ ಮನೆಯ ಜಗಲಿಯ ಮೇಲೆ ಅರವತ್ತು ಪುಸ್ತಕಗಳ ಒಂದು ಕಪಾಟು, ಅಷ್ಟೆ. ಹದಿನಾಲ್ಕನೆಯ ದಿನ ಒಂಬತ್ತು ಮಕ್ಕಳು ಪುಸ್ತಕವನ್ನು ಮನೆಗೆ ಒಯ್ದರು.

ಮೂರನೆಯದು, ಕೆಲಸ ಎಲ್ಲರ ಕಣ್ಣಿಗೆ ಕಾಣಬೇಕು, ಕೈಯಲ್ಲಿರುವ ಕೆಲಸಕ್ಕೆ ಮಿತಿಯಿರಬೇಕು. ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವ ಬಂಧುಗಳಿಗೆ ‘ಕಾನ್‌ಬಾನ್’ ಎಂಬ ಮಾತು ಹೊಸದಲ್ಲ. ಅಮೆರಿಕದ ಅಂಗಡಿಗಳಲ್ಲಿ ಗಿರಾಕಿ ಕೊಂಡೊಯ್ದಷ್ಟನ್ನೇ ಮತ್ತೆ ತುಂಬಿಸಿಡುವ ರೀತಿಯಿಂದ ಪ್ರೇರಿತರಾಗಿ ಟೊಯೋಟಾ ಕಾರ್ಖಾನೆಯ ಟಾಯಿಚಿ ಓನೊ ಅವರು ರೂಪಿಸಿದ ಚೀಟಿಯ ಪದ್ಧತಿ ಅದು. ಮುಂದಿನವರು ಕೇಳುವವರೆಗೆ ಹಿಂದಿನವರು ತಯಾರಿಸಿ ರಾಶಿ ಹಾಕಬಾರದೆಂಬುದು ಅದರ ತತ್ತ್ವ. ಇಂತಹ ಜಪಾನಿನ ಶಿಸ್ತು ನಮ್ಮ ನೆಲಕ್ಕೂ ಒಗ್ಗಿದೆ, ಇಲ್ಲಿಯ ಟಿ.ವಿ.ಎಸ್. ಮೋಟಾರ್ ಕಂಪನಿಯು 2002ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿಯನ್ನು ಪಡೆದುದನ್ನು ಹೊಸೂರಿನವರು ಮರೆತಿಲ್ಲ. ನಾವು ಶಾಲೆಯ ಹಳೆಯ ಕರಿಹಲಗೆಯೊಂದನ್ನು ತಂದು, ‘ಮಾಡಬೇಕಾದುದು’, ‘ಮಾಡುತ್ತಿರುವುದು’, ‘ಮುಗಿದುದು’ ಎಂದು ಮೂರು ಮನೆಗಳನ್ನು ಬರೆದೆವು. ನಡುವಿನ ಮನೆಯಲ್ಲಿ ಮೂರಕ್ಕಿಂತ ಹೆಚ್ಚು ಕೆಲಸಗಳಿರಬಾರದೆಂದು ಕಟ್ಟು ಮಾಡಿದೆವು. ಅದಕ್ಕೆ ಗಣಿತದ ಆಧಾರವೂ ಉಂಟು. ಜಾನ್ ಲಿಟ್ಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಕೈಯಲ್ಲಿ ಹನ್ನೆರಡು ಕೆಲಸಗಳಿದ್ದು ತಿಂಗಳಿಗೆ ಎರಡರಂತೆ ಮುಗಿಯುತ್ತಿದ್ದರೆ, ಒಂದೊಂದು ಕೆಲಸಕ್ಕೂ ಸರಾಸರಿ ಆರು ತಿಂಗಳು ಹಿಡಿಯುತ್ತದೆ. ನಾಲ್ಕನ್ನೇ ಹಿಡಿದರೆ ಎರಡು ತಿಂಗಳು ಸಾಕು. ‘ಬಹುತೇಕ ಮುಗಿದಿದೆ’ ಎಂಬ ಮಾತಿಗೆ ನಮ್ಮ ಹಲಗೆಯಲ್ಲಿ ಸ್ಥಳವಿರಲಿಲ್ಲ. ಹೊದಿಕೆ ಹಾಕಿ, ಸಂಖ್ಯೆ ಬರೆದು, ಕಪಾಟಿನಲ್ಲಿಟ್ಟ ಪುಸ್ತಕವೇ ಮುಗಿದ ಪುಸ್ತಕ.

ನಾಲ್ಕನೆಯದು, ಭೇಟಿ ಚಿಕ್ಕದಾಗಿರಬೇಕು, ಅಂದಾಜು ಎಲ್ಲರದಾಗಿರಬೇಕು. ಕಚೇರಿಗಳಲ್ಲಿ ತಂಡದವರು ದಿನವೂ ಹದಿನೈದು ನಿಮಿಷ ಸೇರುತ್ತಾರೆ. ಹಲವೆಡೆ ನಿಂತೇ ಮಾತನಾಡುವರು. ಕುಳಿತರೆ ಮಾತು ಬೆಳೆಯುತ್ತದಲ್ಲವೆ? ನಾವು ವಾರಕ್ಕೆರಡು ಬಾರಿ ಶಾಲೆಯ ಬೇವಿನ ಮರದಡಿ ನಿಂತು ಮೂರೇ ವಿಷಯಗಳನ್ನು ಹೇಳಿಕೊಳ್ಳುತ್ತಿದ್ದೆವು: ಏನಾಯಿತು, ಮುಂದೇನು, ಅಡ್ಡಿಯೇನು. ಇನ್ನು ಅಂದಾಜಿನ ವಿಚಾರ. ನಮ್ಮ ಸಭೆಗಳಲ್ಲಿ ಹಿರಿಯರು ಮೊದಲು ಬಾಯಿ ತೆರೆದರೆ ಕಿರಿಯರು ತಲೆಯಾಡಿಸುವುದು ರೂಢಿ. ಇದನ್ನು ತಪ್ಪಿಸಲು ಜೇಮ್ಸ್ ಗ್ರೆನಿಂಗ್ ಎಂಬವರು 2002ರಲ್ಲಿ ಒಂದು ಉಪಾಯವನ್ನು ಸೂಚಿಸಿದರು. ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಚೀಟಿಯಲ್ಲಿಟ್ಟುಕೊಂಡು ಒಮ್ಮೆಗೇ ತೋರಿಸುವುದು. ಬಹಳ ವ್ಯತ್ಯಾಸವಿದ್ದರೆ ಹೆಚ್ಚು ಹೇಳಿದವರೂ ಕಡಿಮೆ ಹೇಳಿದವರೂ ಕಾರಣ ಕೊಡುವುದು. ಬೆಂಗಳೂರಿನಿಂದ ಪುಸ್ತಕ ತರಲು ನಾನು ‘ಒಂದು ವಾರ’ ಎಂದು ಬರೆದಿದ್ದೆ. ಕಾಲೇಜಿನ ಹುಡುಗ ‘ಮೂರು ವಾರ’ ಎಂದಿದ್ದ. ಕೇಳಿದರೆ, “ಅಣ್ಣಾ, ಹೊತ್ತು ತರಬೇಕಾದವನು ನಾನು, ನನಗೆ ಪರೀಕ್ಷೆ ಇದೆ” ಎಂದ. ಅವನ ಲೆಕ್ಕವೇ ಸರಿಯಾಯಿತು.

ಐದನೆಯದು, ಬಳಸುವವರಿಗೆ ತೋರಿಸಿ ಕೇಳಬೇಕು. ನಮ್ಮ ಮೊದಲ ಪಟ್ಟಿಯಲ್ಲಿ ಮಹಾಕಾವ್ಯಗಳೂ ವಿಮರ್ಶೆಗಳೂ ಇದ್ದುವು. ಮಕ್ಕಳು ಅವುಗಳನ್ನು ಮುಟ್ಟಲಿಲ್ಲ. ದೊಡ್ಡ ಅಕ್ಷರದ ಕಥೆಗಳಿಗೂ ಚಿತ್ರಗಳಿರುವ ವಿಜ್ಞಾನದ ಪುಸ್ತಕಗಳಿಗೂ ಸಾಲು ನಿಂತರು. ಸಂಜೆ ಆರರ ಮೇಲೆ ಕಪಾಟು ತೆರೆದರೆ ಹೆಣ್ಣುಮಕ್ಕಳು ಬರಲಾರರೆಂಬುದು ನಮಗೆ ಹೊಳೆದಿರಲಿಲ್ಲ. ಒಬ್ಬ ತಾಯಿ ಬಂದು ಹೇಳಿದ ಮೇಲೆ ಶಾಲೆಯ ಮಧ್ಯಾಹ್ನದ ಬಿಡುವಿಗೆ ಬದಲಾಯಿಸಿದೆವು. ಅರವತ್ತು ಪುಸ್ತಕಗಳಿದ್ದಾಗ ತಿಳಿದ ತಪ್ಪನ್ನು ತಿದ್ದಲು ಒಂದು ವಾರ ಸಾಕಾಯಿತು. ಸಾವಿರಾರು ಪುಸ್ತಕಗಳನ್ನು ಕೊಂಡು, ಕಟ್ಟಡವನ್ನೂ ಕಟ್ಟಿಸಿದ ಮೇಲೆ ತಿಳಿದಿದ್ದರೆ ಗತಿಯೇನಾಗುತ್ತಿತ್ತು?

ಆರನೆಯದು, ಪ್ರತಿ ಸುತ್ತಿನ ಕೊನೆಗೂ ಹಿನ್ನೋಟವಿರಬೇಕು. ಯಾವುದು ಚೆನ್ನಾಗಿ ನಡೆಯಿತು, ಯಾವುದು ಕೆಟ್ಟಿತು, ಮುಂದಿನ ಬಾರಿ ಯಾವ ಒಂದನ್ನು ತಿದ್ದಿಕೊಳ್ಳೋಣ ಎಂದು ಯೋಚಿಸುವುದು. ನಮ್ಮ ಮೂರನೆಯ ಸುತ್ತಿನಲ್ಲಿ ಒಂದು ರಾತ್ರಿ ಎರಚಲು ಮಳೆ ಹೊಡೆದು ಹನ್ನೆರಡು ಪುಸ್ತಕಗಳು ನೆನೆದುವು. ಜಗಲಿಗೆ ಎರಚಲು ಬೀಳುವುದೆಂದು ಕಾಲೇಜಿನ ಹುಡುಗಿಗೆ ಮೊದಲೇ ಅನ್ನಿಸಿತ್ತಂತೆ. “ದೊಡ್ಡವರು ಇಟ್ಟ ಜಾಗವನ್ನು ನಾನು ಹೇಗೆ ಸರಿಯಿಲ್ಲವೆನ್ನಲಿ?” ಎಂದು ಸುಮ್ಮನಿದ್ದಳು. ಅಂದು ನೆನೆದ ಪುಸ್ತಕಗಳಿಗಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು. ಏಮಿ ಎಡ್ಮಂಡ್ಸನ್ ಎಂಬ ಅಮೆರಿಕದ ವಿದುಷಿಯು ಆಸ್ಪತ್ರೆಗಳ ತಂಡಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಒಳ್ಳೆಯ ಮುಂದಾಳುಗಳಿದ್ದ ತಂಡಗಳಲ್ಲಿಯೇ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದುವು! ವಿಚಾರಿಸಿದಾಗ ಕಂಡುಬಂದುದೇನೆಂದರೆ, ಅಲ್ಲಿಯವರು ತಪ್ಪನ್ನು ಅಂಜದೆ ಹೇಳುತ್ತಿದ್ದರು, ಬೇರೆಡೆಯವರು ಮುಚ್ಚಿಡುತ್ತಿದ್ದರು. ಅಂದಿನಿಂದ ನಮ್ಮ ಹಿನ್ನೋಟದಲ್ಲಿ ಅತಿ ಕಿರಿಯರು ಮೊದಲು, ನಾನು ಕಡೆಗೆ ಮಾತನಾಡುವುದೆಂದು ಗೊತ್ತುಮಾಡಿಕೊಂಡೆವು. ಯಾರ ತಪ್ಪು ಎಂಬ ಪ್ರಶ್ನೆಯನ್ನು ಬಿಟ್ಟು, ಏಕೆ ಹೀಗಾಯಿತು ಎಂಬ ಪ್ರಶ್ನೆಯನ್ನು ಹಿಡಿದೆವು.

ಹಾಗಾದರೆ ಮುಂದಾಳಿನ ಕೆಲಸವೇನೆಂದು ತಾವು ಕೇಳಬಹುದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಬಳಸುವವರ ಪರವಾಗಿ ನಿರ್ಧರಿಸಲು ಒಬ್ಬರಿರಬೇಕು. ನಮ್ಮಲ್ಲಿ ಆ ಹೊಣೆಯನ್ನು ಮಕ್ಕಳನ್ನು ಚೆನ್ನಾಗಿ ಬಲ್ಲ ಅಧ್ಯಾಪಕಿ ಹೊತ್ತರು. ನನ್ನ ಪಾಲಿಗೆ ಉಳಿದುದು ಅಡ್ಡಿಗಳನ್ನು ತೆಗೆಯುವುದು. ಬೀಗದ ಕೈ ಯಾರ ಬಳಿಯಿದೆಯೆಂದು ಹುಡುಕುವುದು, ಮುಖ್ಯೋಪಾಧ್ಯಾಯರ ಅನುಮತಿ ಪಡೆಯುವುದು, ಇಬ್ಬರ ನಡುವೆ ಮನಸ್ತಾಪ ಬಂದಾಗ ಇಬ್ಬರ ಮನೆಗೂ ಹೋಗಿ ಕಾಫಿ ಕುಡಿದು ಬರುವುದು. ಕಾರ್ಯದರ್ಶಿಯ ಗತ್ತಿಗೆ ಇದು ಕೊರತೆಯೆನಿಸಬಹುದು. ಆದರೆ ಹೆಗಲ ಮೇಲೆ ಶಾಲು ಬೀಳುವ ಕೆಲಸಗಳಿಗಿಂತ ಇಂತಹ ಕೆಲಸಗಳಿಂದಲೇ ತಂಡ ಮುಂದೆ ಸಾಗುವುದೆಂದು ಅನುಭವದಿಂದ ಅರಿತೆ.

ಈ ಪದ್ಧತಿ ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಸೇತುವೆಯನ್ನು ಅರ್ಧ ಕಟ್ಟಿ, ಜನರನ್ನು ನಡೆಸಿ, ಅಭಿಪ್ರಾಯ ಕೇಳಲಾಗದು. ತಾರಸಿ ಹಾಕುವ ಮುನ್ನ ಎಂಜಿನಿಯರರ ಲೆಕ್ಕ ಪೂರ್ತಿಯಾಗಿರಲೇಬೇಕು. ಸಂಘದ ಹಣದ ಜಮಾಖರ್ಚು, ಸರ್ಕಾರಕ್ಕೆ ಒಪ್ಪಿಸಬೇಕಾದ ಪತ್ರ, ಮೇಲ್ಮನವಿಯ ವಾಯಿದೆ ಇವುಗಳಿಗೆಲ್ಲ ಬರೆದಿಟ್ಟ ಕ್ರಮವೇ ಲೇಸು. ಹಲಗೆಯನ್ನು ನೇತುಹಾಕಿ ಹಳೆಯ ದರ್ಪವನ್ನೇ ಮುಂದುವರಿಸುವ ಕಚೇರಿಗಳನ್ನೂ ನಾನು ಕಂಡಿದ್ದೇನೆ. ಅಲ್ಲಿ ಹೊಸ ಹೆಸರುಗಳಷ್ಟೇ ಬಂದಿವೆ. ಯಾವ ಕೆಲಸದಲ್ಲಿ ಮುಂದಿನ ಹೆಜ್ಜೆ ಮಂಜಾಗಿದೆಯೋ, ಬಳಸುವವರ ಮನಸ್ಸು ನಮಗೆ ಪೂರ್ತಿ ತಿಳಿದಿಲ್ಲವೋ, ಅಂತಹ ಕೆಲಸಕ್ಕೆ ಈ ಹದ ಒಪ್ಪುತ್ತದೆ. ಸಂಘದ ಬಹುಪಾಲು ಕೆಲಸಗಳು ಇದೇ ಜಾತಿಗೆ ಸೇರಿದವು.

ಬಂಧುಗಳೇ, ನಮ್ಮ ವಾಚನಾಲಯದ ಕಟ್ಟಡ ಇಂದಿಗೂ ತಳಪಾಯದ ಮಟ್ಟದಲ್ಲಿಯೇ ಇದೆ. ಆದರೆ ಜಗಲಿಯ ಒಂದು ಕಪಾಟು ಮೂರಾಗಿ, ಶಾಲೆಯ ಒಂದು ಕೊಠಡಿಯ ಮೂಲೆಯನ್ನು ಸೇರಿದೆ. ಪುಸ್ತಕಗಳು ಒಳಗೆ ಇರುವುದಕ್ಕಿಂತ ಮಕ್ಕಳ ಕೈಯಲ್ಲಿರುವುದೇ ಹೆಚ್ಚು. ಅಂದು ನನ್ನನ್ನು ಕೇಳಿದ ಹುಡುಗಿಯ ತಮ್ಮ ಈಗ ಅಲ್ಲಿಂದ ಪುಸ್ತಕವನ್ನೊಯ್ಯುತ್ತಾನೆ. ಅವಳಿಗೆ ನಾನು ಕೊಡದೆ ಹೋದ ಆರು ವರ್ಷಗಳನ್ನು ಮಾತ್ರ ಇನ್ನು ಯಾವ ಯೋಜನೆಯೂ ಹಿಂದಕ್ಕೆ ತಂದುಕೊಡಲಾರದು. ಕಟ್ಟಡಕ್ಕೆ ಗಡುವನ್ನು ಮುಂದೂಡಬಹುದು. ಮಗುವಿನ ಬಾಲ್ಯಕ್ಕೆ ಮುಂದೂಡಲಾಗದು. ಗಡಿಯಲ್ಲಿ ಕನ್ನಡ ಉಳಿಯಬೇಕೆನ್ನುವ ನಾವು ನೆನಪಿಡಬೇಕಾದ ಲೆಕ್ಕ ಇದು.

ಆದುದರಿಂದ ನನ್ನದೊಂದು ಸಣ್ಣ ವಿಜ್ಞಾಪನೆ. ಮುಂದಿನ ವರ್ಷಕ್ಕೆಂದು ಸಂಘವು ಕೈಗೊಂಡಿರುವ ಕಾರ್ಯಗಳಲ್ಲಿ ಒಂದನ್ನು ಆರಿಸಿಕೊಳ್ಳೋಣ. ಐದಾರು ಮಂದಿ, ಕಿರಿಯರನ್ನೂ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡು, ಒಂದು ಕರಿಹಲಗೆಯ ಮುಂದೆ ನಿಲ್ಲೋಣ. ಎರಡು ವಾರಗಳಲ್ಲಿ ಯಾವುದಾದರೊಂದು ಮನೆಗೆ, ಯಾವುದಾದರೊಂದು ಮಗುವಿಗೆ ಉಪಯೋಗವಾಗುವ ಏನನ್ನಾದರೂ ಮುಗಿಸಿ ಕೈಗಿಡೋಣ. ತಪ್ಪಿದರೆ ತಿದ್ದಿಕೊ‍ಂಡು ಮುಂದಿನ ಎರಡು ವಾರಗಳಿಗೆ ಹೆಜ್ಜೆಯಿಡೋಣ. ಮುಂದಿನ ವಾರ್ಷಿಕೋತ್ಸವದಲ್ಲಿ ವರದಿಯನ್ನು ಓದುವ ಕಾರ್ಯದರ್ಶಿಗಳು, ‘ಮಾಡಬೇಕೆಂದಿದ್ದೇವೆ’ ಎಂಬುದಕ್ಕಿಂತ ‘ಮುಗಿಸಿದೆವು’ ಎಂಬ ಮಾತನ್ನು ಹೆಚ್ಚು ಬಾರಿ ಓದುವಂತಾಗಲಿ ಎಂದು ಹಾರೈಸುತ್ತೇನೆ.